ನ್ಯಾಮತಿಯ ಬಯಲಲ್ಲಿ ಒಂದು ಗ್ರೀಕ್ ಪದ

ನಮ್ಮ ಯಜಮಾನರಿಗೆ ಬೀಡಿಯ ಚಟವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ, ನಶ್ಯದ ಡಬ್ಬಿ ಮುಟ್ಟಿದವರೂ ಅಲ್ಲ. ಅವರಿಗಿದ್ದದ್ದು ಪದಗಳನ್ನು ಅಗೆಯುವ ಚಟ. ನ್ಯಾಮತಿಯ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು ಅವರು. ಒಂದು ಇಂಗ್ಲಿಷ್ ಮಾತು ಕಿವಿಗೆ ಬಿದ್ದರೆ ಸಾಕು, ಅದು ಯಾವ ದೇಶದಲ್ಲಿ ಹುಟ್ಟಿತು, ಅದರ ಅಪ್ಪ ಯಾರು, ಅಜ್ಜ ಯಾರು ಎಂದು ಬುಡ ಕೆದಕದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಕೆದಕಿದ್ದನ್ನು ತಮ್ಮಲ್ಲೇ ಇಟ್ಟುಕೊಂಡರೆ ಪರವಾಗಿಲ್ಲ, ಒಲೆಯ ಮುಂದೆ ಕೂತಿರುವ ನನಗೆ ಹೇಳಲೇಬೇಕು.

"ಮಲೇರಿಯಾ ಅಂದ್ರೆ ಏನು ಗೊತ್ತೇನೇ? ಕೆಟ್ಟ ಗಾಳಿ ಅಂತ. ಇಟಲಿ ದೇಶದೋರ ಮಾತು."

"ಗಾಳಿ ಆಮ್ಯಾಲೆ ನೋಡಾನ, ಸಾರು ಆರ್ತಾ ಐತೆ, ಉಣ್ರಿ ಮೊದ್ಲು" ಎನ್ನುತ್ತಿದ್ದೆ ನಾನು. ಆದರೂ ಕಿವಿ ಕೊಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಅವರು ಹೀಗೆ ಹೇಳುವಾಗ ಮುಖ ಎಷ್ಟು ಚಂದ ಆಗುತ್ತಿತ್ತೆಂದರೆ ಮುದ್ದೆ ತಿರುವುವುದನ್ನೂ ಮರೆತು ನೋಡುತ್ತಿದ್ದೆ.

ನನ್ನದೂ ಒಂದು ವಿದ್ಯೆ ಇತ್ತು. ನನ್ನ ತವರು ಜಗಳೂರು. ಅಲ್ಲಿ ಜಾಲಿಮುಳ್ಳು ತುಳಿಯದೆ ಬೆಳೆದ ಕಾಲೇ ಇಲ್ಲ. ಮುಳ್ಳು ತೆಗೆಯುವುದರಲ್ಲಿ ನಾನು ಎತ್ತಿದ ಕೈ. ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯಿಂದ ಶುರು ಮಾಡಿ ಹೆಬ್ಬೆರಳಿನಿಂದ ಒತ್ತುತ್ತಾ "ಇಲ್ಲೇನು? ಇಲ್ಲೇನು?" ಎಂದು ಕೇಳುತ್ತಾ ಹೋಗಬೇಕು. ಮುಳ್ಳಿನ ಮೇಲೆ ಬೆರಳು ಹೋದ ಕೂಡಲೇ ಎಂಥ ಗಂಡಸಾದರೂ "ಯವ್ವಾ, ಅಲ್ಲೇ!" ಎಂದು ಎಗರುತ್ತಾನೆ. ಅಲ್ಲಿಗೆ ಎಕ್ಕದ ಹಾಲು ಬಿಟ್ಟು, ಸ್ವಲ್ಪ ಹೊತ್ತು ಕಾದು, ಪಿನ್ನಿನ ಮೊನೆಯಿಂದ ಮೀಟಿದರೆ ಮುಳ್ಳು ಹೊರಗೆ. ಬೀದಿಯವರೆಲ್ಲ ನನ್ನ ಹತ್ತಿರ ಕಾಲು ಚಾಚಲು ಬರುತ್ತಿದ್ದರು. ನಮ್ಮತ್ತೆ ಅದನ್ನು ನೋಡಿ ಗೊಣಗುತ್ತಿದ್ದರು: "ನನ್ನ ಮಗ ಬಿಳೇರ ಮಾತಿನ ಬೇರು ಕೀಳ್ತಾನೆ, ಸೊಸಿ ಊರೋರ ಕಾಲಿನ ಮುಳ್ಳು ಕೀಳ್ತಾಳೆ. ಮನೆ ಕೆಲ್ಸ ಮಾಡಾಕೆ ನಾನೊಬ್ಳು ಇದೀನಲ್ಲ!"

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಿಲು ಉರಿಸಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ಸುಗ್ಗಿ ಮುಗಿದ ಚಳಿಗಾಲ ಅದು. ಚನ್ನಗಿರಿಗೆ ಕೊಟ್ಟಿದ್ದ ನನ್ನ ನಾದಿನಿ, ಅಂದರೆ ನಮ್ಮ ಯಜಮಾನರ ಒಬ್ಬಳೇ ತಂಗಿ, ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು. ಇನ್ನೇನು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸಬೇಕು ಎನ್ನುವಾಗ ಒಂದು ಬೆಳಿಗ್ಗೆ ನಾನು ಬೀಸುವ ಕಲ್ಲಿನ ಮುಂದೆ ಕೂತಿದ್ದೆ. ಅಟ್ಟದಿಂದ ಒಂದು ಇಲಿ ಇಳಿದು ಬಂತು. ನನ್ನನ್ನು ಕಂಡು ಹೆದರಲಿಲ್ಲ. ಹಗಲು ಬೆಳಕಿನಲ್ಲಿ, ನಡುಮನೆಯಲ್ಲಿ, ಕುಡಿದವರ ಹಾಗೆ ಎರಡು ಸುತ್ತು ತಿರುಗಿ ಕಲ್ಲಿನ ಪಕ್ಕ ಮಗುಚಿಕೊಂಡಿತು.

ನಾನು ಪೊರಕೆ ಎತ್ತಿಕೊಂಡೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಮುಟ್ಟಬ್ಯಾಡ. ಇಲಿ ಬಿತ್ತು" ಎಂದರು.

ನಮ್ಮ ಕಡೆ ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಅರ್ಥ, ಆ ಮಾತಿನ ಮೇಲೆ ಇನ್ನೊಂದು ಮಾತು ಬೇಕಿಲ್ಲ. ಸಂಜೆಯೊಳಗೆ ದವಸದ ಅಂಗಡಿಗಳ ಓಣಿಯಲ್ಲೂ ಇಲಿ ಬಿದ್ದಿತೆಂದು ಸುದ್ದಿ ಬಂತು. ಮಾರನೆಯ ದಿನ ಡಂಗುರ ಸಾರಿದರು, ಎಲ್ಲರೂ ಊರು ಬಿಡಬೇಕು. ಬಿದಿರಿನ ತಟ್ಟಿ, ಸೋಗೆ, ಹಗ್ಗ ಹೊತ್ತುಕೊಂಡು ಜನ ಬಯಲಿಗೆ ನಡೆದರು. ಕೊಯ್ದ ಜೋಳದ ಹೊಲಗಳಲ್ಲಿ ಸಾಲುಸಾಲು ಗುಡಿಸಲು ಎದ್ದವು. ಅತ್ತೆ ದೇವರ ಪೆಟ್ಟಿಗೆ ತಂದರು, ನಾನು ಅಕ್ಕಿ, ಬೇಳೆ ತಂದೆ, ನಾದಿನಿ ಕೂಸನ್ನು ತಂದಳು. ನಮ್ಮ ಯಜಮಾನರು ಬೆನ್ನು ಕಿತ್ತುಹೋದ ಡಿಕ್ಷನರಿಯನ್ನು ಎದೆಗವಚಿಕೊಂಡು ಬಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಯಲಿನಿಂದ ನೋಡಿದರೆ ಊರು ಕಾಣುತ್ತಿತ್ತು. ಹೊಗೆ ಇಲ್ಲ, ದನ ಇಲ್ಲ, ಗುಡಿಯ ಗಂಟೆ ಇಲ್ಲ. ಬಿಟ್ಟುಬಂದ ಬೆಕ್ಕುಗಳು ಮಾಡಿನ ಮೇಲೆ ಕೂತು ನಮ್ಮ ಕಡೆಗೇ ನೋಡುತ್ತಿದ್ದವು. ಸೂರಗೊಂಡನಕೊಪ್ಪದ ಕಡೆಯಿಂದ ಸೌದೆ ಹೊತ್ತು ಬರುತ್ತಿದ್ದ ಲಂಬಾಣಿ ಹೆಂಗಸರು ದೂರದ ಬೇಲಿಯ ಹತ್ತಿರವೇ ಹೊರೆ ಇಳಿಸಿ, ನಮ್ಮ ಮುಖ ನೋಡದೆ ತಿರುಗಿ ಹೋಗುತ್ತಿದ್ದರು. ಚನ್ನಗಿರಿಯಿಂದ ನಾದಿನಿಯ ಅತ್ತೆಮನೆಯವರು "ಈಗ್ಲೇ ಬರಾದು ಬ್ಯಾಡ" ಎಂದು ಹೇಳಿಕಳಿಸಿದರು. ಅವರನ್ನು ಬೈದುಕೊಂಡೆ. ಆದರೆ ನಾವಾಗಿದ್ದರೂ ಅದನ್ನೇ ಹೇಳುತ್ತಿದ್ದೆವು.

ಸರ್ಕಾರದ ನೋಟೀಸನ್ನು ಹುಣಸೆಮರಕ್ಕೆ ಅಂಟಿಸಿದ್ದರು. ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ನಮ್ಮ ಯಜಮಾನರು ಅದರ ಮುಂದೆ ನಿಂತು ಹುರುಪಿನಿಂದ ಶುರು ಮಾಡಿದರು. "ಪ್ಲೇಗ್ ಅನ್ನೋ ಮಾತು ಲ್ಯಾಟಿನ್ನಿಂದ ಬಂದಿದ್ದು ಕಣೇ. ಪೆಟ್ಟು ಅಂತ ಅರ್ಥ. ದೇವ್ರು ಹೊಡೆದ ಪೆಟ್ಟು ಅಂತ ತಿಳ್ಕೊಂಡಿದ್ರು."

ಅವರು ಕಲಿಸಿದ ಎ ಬಿ ಸಿ ಡಿಯಲ್ಲಿ ನಾನು ಅಕ್ಷರ ಕೂಡಿಸುತ್ತಾ ಓದುತ್ತಿದ್ದೆ. ಪ್ಲೇಗಿನ ಹಿಂದೆ ಇನ್ನೊಂದು ಮಾತಿತ್ತು. "ಬ್ಯು... ಬಾ... ನಿಕ್. ಇದೇನ್ರಿ?"

ಅವರ ಕಿವಿ ಕೆಂಪಾಯಿತು. "ಅದು ಗ್ರೀಕರದು. ಭಾಳ ಹಳೇದು."

"ಹಳೇದು ಅಂತ ಗೊತ್ತಾತು. ಅರ್ಥ ಏನು?"

"ಮೈಯಾಗಿನ ಒಂದು ಜಾಗದ ಹೆಸ್ರು. ಬಿಡು, ಬಿಸ್ಲು ಏರ್ತಾ ಐತೆ" ಎಂದು ನಡೆದೇಬಿಟ್ಟರು. ಪದದ ಬುಡ ಕೇಳಿದಾಗ ಅವರು ಓಡಿಹೋದದ್ದು ಅದೇ ಮೊದಲು. ನಾನು ಹಿಂದೆಯೇ ಹೋಗಿ "ನಿಮ್ಮ ಗ್ರೀಕರಿಗೂ ಗೊತ್ತಿಲ್ಲೇನ್ರಿ?" ಎಂದು ಕಿಚಾಯಿಸಿದೆ.

ಬಯಲಿನ ತುಂಬ ಜಾಲಿಮುಳ್ಳು. ಬರಿಗಾಲಲ್ಲಿ ನೀರಿಗೆ, ಸೌದೆಗೆ, ಬಹಿರ್ದೆಸೆಗೆ ಓಡಾಡಿ ಎಲ್ಲರೂ ಕುಂಟುವವರೇ. ನನ್ನ ಎಕ್ಕದ ಹಾಲಿಗೆ, ಪಿನ್ನಿಗೆ ಬಿಡುವಿರಲಿಲ್ಲ. ಮುಳ್ಳು ಚುಚ್ಚಿದರೆ ತೊಡೆಸಂದಿನಲ್ಲಿ ಗಂಟು ಏಳುವುದು ನಮ್ಮವರಿಗೆ ಹೊಸದಲ್ಲ, ಮುಳ್ಳು ಹೊರಬಂದರೆ ಅದೂ ಇಳಿಯುತ್ತದೆ. ಹಾಗಾಗಿ ಕುಂಟುವವರನ್ನು ಕಂಡು ಯಾರೂ ಹೆದರುತ್ತಿರಲಿಲ್ಲ. ಹೆದರಬೇಕಾದದ್ದು ಕಂಕುಳಲ್ಲಿ, ಕತ್ತಿನಲ್ಲಿ ಗಡ್ಡೆ ಎದ್ದವರಿಗೆ ಎಂದು ತಿಳಿದಿದ್ದೆವು. ಯಾಕೆಂದರೆ ಪ್ಲೇಗಿನ ಇನ್ಸ್‌ಪೆಕ್ಟರು ನೋಡುತ್ತಿದ್ದದ್ದು ಅವೆರಡನ್ನೇ. ಹೆಂಗಸರನ್ನಂತೂ ಅಷ್ಟೂ ನೋಡುತ್ತಿರಲಿಲ್ಲ. ಹೆಂಗಸು ತಟ್ಟಿಯ ಹಿಂದೆ ಕೂತು ಕೈ ಮಾತ್ರ ಹೊರಗೆ ಚಾಚಬೇಕು. ಅವರು ನಾಡಿ ಹಿಡಿದು, ಆಚೆಯಿಂದಲೇ "ಕಂಕುಳಾಗೆ ಗಡ್ಡೆ ಐತೇನ್ರಿ?" ಎನ್ನಬೇಕು. "ಇಲ್ರಿ" ಎಂದರೆ ಮುಂದಿನ ಗುಡಿಸಲು. ನಮ್ಮ ಸಾಲಿಗೆ ಬರುವ ಹೊತ್ತಿಗೆ ಚುಚ್ಚುವ ಮದ್ದೂ ಮುಗಿದಿತ್ತು.

ಗಡ್ಡೆ ಐತೆ ಎಂದರೆ ಹಳ್ಳದಾಚೆಯ ಒಂಟಿ ಗುಡಿಸಲಿಗೆ. ಕೊನೆಯ ಸಾಲಿನ ಒಬ್ಬ ಹೆಂಗಸನ್ನು ಹಾಗೆ ಹೊತ್ತೊಯ್ದರು. ಅವಳ ಮಗು ತಟ್ಟಿಯನ್ನು ಬಡಿಯುತ್ತಾ ಅತ್ತದ್ದು ಎಲ್ಲ ಸಾಲುಗಳಿಗೂ ಕೇಳುತ್ತಿತ್ತು. ನನ್ನ ನಾದಿನಿ ತನ್ನ ಕೂಸನ್ನು ಎದೆಗೊತ್ತಿಕೊಂಡು ಆ ಕಡೆಯೇ ನೋಡುತ್ತಾ ಕೂತಿದ್ದಳು. ಆ ತಾಯಿ ಹಳ್ಳ ದಾಟಿ ಈಚೆಗೆ ಬರಲಿಲ್ಲ.

ಅದಾದ ಮೇಲೆ ನಾದಿನಿಯೇ ಕುಂಟಲು ಶುರು ಮಾಡಿದಳು. "ಮುಳ್ಳು ಅತ್ಗೆ" ಎಂದಳು. "ಕೊಡು ಇಲ್ಲಿ ಕಾಲು" ಎಂದರೆ "ಆಮ್ಯಾಲೆ, ಕೂಸಿಗೆ ಹಾಲು ಕುಡಿಸ್ಬೇಕು" ಎಂದು ಜಾರಿಕೊಂಡಳು. ಆವತ್ತೇ ಜ್ವರ ಬಂತು. ಬಾಣಂತಿಗೆ ಥಂಡಿ ಹತ್ತಿತೆಂದು ಅತ್ತೆ ಕಷಾಯ ಕುದಿಸಿದರು. ಮಾರನೆಯ ದಿನಕ್ಕೆ ಕಣ್ಣು ಕೆಂಡವಾಗಿದ್ದವು. ಇನ್ಸ್‌ಪೆಕ್ಟರು ಬಂದರು, ಅವಳು ಕೈ ಚಾಚಿದಳು, "ಇಲ್ರಿ" ಎಂದಳು. "ಮಲೇರಿಯಾ ಇದ್ರೂ ಇರಬೌದು ಮೇಷ್ಟ್ರೇ" ಎಂದರು ಅವರು. ನಮ್ಮ ಯಜಮಾನರು ಅವರನ್ನು ಆಚೆ ಕರೆದುಕೊಂಡು ಹೋಗಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಇನ್ಸ್‌ಪೆಕ್ಟರು ತಲೆ ಅಲ್ಲಾಡಿಸಿ, "ಹೆಣ್ಮಕ್ಕಳನ್ನ ಅದನ್ನೆಲ್ಲ ಹೆಂಗ್ರಿ ಕೇಳಾದು? ನಿಮ್ಮ ಮನೆಯೋರೇ ನೋಡ್ಬೇಕು. ಹೊನ್ನಾಳಿ ಆಸ್ಪತ್ರೆಗೆ ಹೊಸ ಮಾತ್ರೆ ಬಂದಾವೆ. ಯುದ್ಧ ಅಲ್ವೇನ್ರಿ, ಒಬ್ರಿಗೆ ಆಗೋವಷ್ಟು ಇದ್ರೆ ಹೆಚ್ಚು. ಬೇಗ ಹೋದೋರಿಗೆ ಸಿಗ್ತಾವೆ" ಎಂದು ಹೇಳಿ ಹೋದರು.

ಗುಡಿಸಲ ಹಿಂದೆ ಪಾತ್ರೆ ತಿಕ್ಕುತ್ತಿದ್ದ ನನ್ನ ಹತ್ತಿರ ಯಜಮಾನರು ಬಂದು ನಿಂತರು. ಒಂದು ಕೈಯಲ್ಲಿ ಗುಡಿಸಲ ಗಳ ಹಿಡಿದುಕೊಂಡಿದ್ದರು. ನನ್ನ ಮುಖ ನೋಡಲಿಲ್ಲ.

"ಅವತ್ತು ನೀನು ಕೇಳಿದ್ಯಲ್ಲ, ಬ್ಯುಬಾನಿಕ್ ಅಂದ್ರೇನು ಅಂತ."

"ಈಗ ಅದ್ರ ಪುರಾಣ ಯಾಕ್ರಿ? ಒಳಗೆ ಹುಡುಗಿ ಸುಡ್ತಾ ಬಿದ್ದೈತೆ."

"ಅದಕ್ಕೇ ಹೇಳ್ತಾ ಇರಾದು. ಗ್ರೀಕರಾಗೆ ಬೂಬೋನ್ ಅಂತ ಮಾತೈತೆ. ತೊಡೆಸಂದು ಅಂತ ಅರ್ಥ. ಅಲ್ಲಿ ಏಳೋ ಗಡ್ಡೆಗೂ ಅದೇ ಹೆಸ್ರು. ಎಲ್ಲಿ ನೋಡ್ಬೇಕು ಅಂತ ಆ ಜನ ಸಾವಿರಾರು ವರ್ಷದ ಹಿಂದೆ ಹೆಸರಾಗೇ ಹೇಳಿಟ್ಟು ಹೋಗಿದಾರೆ. ನಾವು ಕಂಕುಳು ನೋಡ್ತಾ ಕೂತಿದೀವಿ."

ನನ್ನ ಕೈಯಲ್ಲಿದ್ದ ತಂಬಿಗೆ ಬೂದಿಗೆ ಬಿತ್ತು. ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಮೈಯೆಲ್ಲ ಉರಿಯುವ ಸಿಟ್ಟು.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರೇನ್ರಿ? ಜಗತ್ತಿನ ಮಾತಿಗೆಲ್ಲ ಅರ್ಥ ಹೇಳಿದ್ರಿ, ಇದೊಂದಕ್ಕೆ ನಾಚಿಕೆ ಬಂತೇನು? ನಿಮ್ಮ ಮರ್ಯಾದಿಗಿಷ್ಟು ಬೆಂಕಿ ಹಾಕ!"

"ನಾನು ಅವಳ ಅಣ್ಣ ಕಣೇ" ಎಂದರು ಸಣ್ಣ ದನಿಯಲ್ಲಿ. "ಹೆಂಗೆ ಕೇಳ್ಲಿ? ನೀನು ನೋಡು."

ಒಳಗೆ ಹೋದೆ. ಅವಳು ಒಂದು ಮೊಣಕಾಲು ಮಡಚಿಕೊಂಡು ಗೋಡೆತಟ್ಟಿಗೆ ಮುಖ ಮಾಡಿ ಮಲಗಿದ್ದಳು. ಏನೂ ಕೇಳದೆ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡೆ. ಹಿಮ್ಮಡಿಯಿಂದ ಶುರು ಮಾಡಿ, ಅಂಗಾಲು, ಬೆರಳಸಂದಿ, ಎಲ್ಲವನ್ನೂ ಒತ್ತಿದೆ. "ಇಲ್ಲೇನು? ಇಲ್ಲೇನು?" ಎಂದೆ. ಅವಳು ಎಲ್ಲೂ ಎಗರಲಿಲ್ಲ.

"ಮುಳ್ಳಿಲ್ಲ ಕಣವ್ವ ನಿನ್ನ ಕಾಲಾಗೆ."

ಅವಳು ಸೀರೆಯನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡಳು. "ಬ್ಯಾಡ ಅತ್ಗೆ. ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬ್ಯಾಡ್ರಿ. ನನ್ನ ಹಳ್ಳದಾಚೆ ಹಾಕ್ತಾರೆ. ನನ್ನ ಕೂಸೂ ಆ ಮಗೂನಂಗೆ ಅಳ್ತೈತೆ."

"ಹಳ್ಳದಾಚೆ ಅಲ್ಲ, ಹೊನ್ನಾಳಿಗೆ ಕರ್ಕೊಂಡು ಹೋಗ್ತೀನಿ. ಈಗ ನೀನು ಬಾಯಿ ಮುಚ್ಕೊಂಡು ಸತ್ರೆ ಕೂಸು ಜನ್ಮಪೂರ್ತಿ ಅಳ್ತೈತೆ. ಬಿಡು ಕೈ!"

ಕೈ ಬಿಟ್ಟಳು. ನಿಂಬೆಕಾಯಿ ಗಾತ್ರದ ಗಡ್ಡೆ ಅಲ್ಲಿತ್ತು, ಗ್ರೀಕರು ಹೇಳಿದ ಜಾಗದಲ್ಲೇ. ಮುಟ್ಟಿದರೆ ಕಿರುಚಿದಳು.

ಅತ್ತೆ ಕಷಾಯದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಮೆತ್ತಗೆ! ಪಕ್ಕದೋರಿಗೆ ಕೇಳಿಸ್ತೈತೆ" ಎಂದರು.

ಪಕ್ಕದ ಗುಡಿಸಲ ಗಾಡಿ ಸಾಬರಿಗೆ ಆಗಲೇ ಕೇಳಿಸಿತ್ತು. ಅವರು ಕರೆಯಲಿ ಎಂದು ಕಾಯುವ ಮನುಷ್ಯರಲ್ಲ, ಎತ್ತು ಹೂಡಿಕೊಂಡೇ ಬಂದರು. "ಬಸ್ಸಿನೋರು ಹತ್ತಿಸ್ಕಳಲ್ಲ ಮೇಷ್ಟ್ರೇ. ಜಲ್ದಿ ಮಾಡ್ರಿ, ಹುಲ್ಲು ಹಾಸೀನಿ. ಫಿಕರ್ ಮಾಡಬ್ಯಾಡ್ರಿ" ಎಂದರು. ಹುಲ್ಲಿನ ಮೇಲೆ ಅವಳನ್ನು ಮಲಗಿಸಿದೆವು. ಕೂಸನ್ನು ಅವಳ ಕೈಯಿಂದ ಬಿಡಿಸಿದ್ದನ್ನು ನಾನು ಬರೆಯುವುದಿಲ್ಲ.

ಕೂಸನ್ನು ಯಜಮಾನರ ಕೈಗೆ ಕೊಡಹೋದೆ. ಅವರು ಹಿಂದಕ್ಕೆ ಸರಿದರು. "ನನ್ನ ಕೈಗೆ ಬ್ಯಾಡ. ಅವ್ವನಿಗೇ ಕೊಡು."

"ತಂಗಿ ಕೂಸು ಎತ್ತಿಕೊಂಡ್ರೆ ಸವೆದುಹೋಗ್ತೀರೇನ್ರಿ?" ಎಂದು ಸಿಡಿದೆ. ಅತ್ತೆ ಬಂದು ಕೂಸನ್ನು ತೆಗೆದುಕೊಂಡರು. "ಗಾಡಿ ಹತ್ತರಿ, ಹೊತ್ತಾಗ್ತೈತೆ" ಎಂದೆ ಅವರಿಗೆ.

"ನೀನು ಹೋಗು. ಹೆಣ್ಣಾಳು ಬೇಕು ಅವಳ ಹತ್ರ. ನನಗೆ ಕಾಲಿಗೆ ಮುಳ್ಳು ಚುಚ್ಚೈತೆ, ಹತ್ತಾಕೆ ಆಗಲ್ಲ."

"ಈಗ್ಲೇ ಚುಚ್ಚಬೇಕಿತ್ತೇನು ಅದು? ಬಂದು ತೆಗೀತೀನಿ."

"ಬಾ. ಬಂದು ತೆಗೀವಂತೆ" ಎಂದು ನಕ್ಕರು. ಗಾಡಿ ಹೊರಟ ಮೇಲೂ ಗಳ ಹಿಡಿದುಕೊಂಡು, ಒಂದೇ ಕಾಲ ಮೇಲೆ ಭಾರ ಬಿಟ್ಟು ನಿಂತೇ ಇದ್ದರು.

ಹೊನ್ನಾಳಿಯಲ್ಲಿ ಡಾಕ್ಟರು ಗಡ್ಡೆ ನೋಡಿ, "ಸರಿಯಾದ ಹೊತ್ತಿಗೆ ತಂದಿರಿ. ಹೆಣ್ಣುಮಕ್ಕಳು ಇದನ್ನು ತೋರಿಸುವುದೇ ಇಲ್ಲ. ಯಾರು ನೋಡಿದ್ದು?" ಎಂದು ಕೇಳಿದರು. "ನಮ್ಮ ಯಜಮಾನರು ಹೇಳಿದ್ರು" ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಬಾಟಲಿಯಿಂದ ಮಾತ್ರೆ ಎಣಿಸಿ ಕೊಡುವಾಗ ಅದರ ತಳ ಕಾಣುತ್ತಿತ್ತು. ಕೊನೆಕೊನೆಗೆ ಕಾಂಪೌಂಡರ್ ಬಾಟಲಿಯನ್ನು ಮಗುಚಿ ಅಂಗೈಗೆ ತಟ್ಟುತ್ತಿದ್ದ. ಇನ್ನು ಯಾರಾದರೂ ಬಂದರೆ ಬೆಂಗಳೂರಿನಿಂದಲೇ ತರಿಸಬೇಕೆಂದು ಅವನೇ ಹೇಳಿದ. ಅವಳ ಜ್ವರ ಏರಿತು, ಬಡಬಡಿಸಿದಳು, ಆಮೇಲೆ ಒಂದು ಬೆಳಿಗ್ಗೆ ಬೆವರಿ ಕಣ್ಣು ಬಿಟ್ಟು "ಕೂಸು ಹಾಲು ಕುಡೀತೇನೋ" ಎಂದಳು. ನಾನು ಹೊರಗೆ ಜಗಲಿಗೆ ಬಂದು ಗಟ್ಟಿಯಾಗಿ ಅತ್ತುಬಿಟ್ಟೆ. ಊರಿಗೆ ಹೋದ ಮೇಲೆ ಹೋಳಿಗೆ ಮಾಡಬೇಕು, ಮೊದಲನೇದನ್ನು ನಿಮ್ಮ ಗ್ರೀಕರಿಗೆ ಎಡೆ ಇಡ್ರಿ ಎಂದು ಯಜಮಾನರನ್ನು ಕಾಡಬೇಕು ಎಂದೆಲ್ಲ ಲೆಕ್ಕ ಹಾಕಿದೆ. ಅವಳನ್ನು ಆಸ್ಪತ್ರೆಯ ಆಯಾಳ ವಶಕ್ಕೆ ಬಿಟ್ಟು ಸುದ್ದಿ ಹೇಳಲು ನಾನೊಬ್ಬಳೇ ಬಯಲಿಗೆ ವಾಪಸು ಬಂದೆ.

ಅತ್ತೆ ಗುಡಿಸಲ ಮುಂದೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಮಗಳು ಹೇಗಿದ್ದಾಳೆಂದು ಕೇಳಲಿಲ್ಲ. ಹಳ್ಳದ ಕಡೆಗೆ ಕೈ ತೋರಿಸಿದರು.

"ನೀವು ಹೋದ ದಿನಾನೇ. ತಾನೇ ಕೋಲೂರ್ಕೊಂಡು ನಡ್ಕೊಂಡು ಹೋದ. ಹಿಂದೆ ಬರಬ್ಯಾಡ ಅಂದ."

ಹಳ್ಳ ಹೇಗೆ ದಾಟಿದೆನೋ ಗೊತ್ತಿಲ್ಲ. ಕಾವಲಿನವನು ತಡೆದ, ಅವನಿಗೆ ಬಾಯಿಗೆ ಬಂದದ್ದು ಬೈದೆ, ಅವನು ದಾರಿ ಬಿಟ್ಟ. ಒಂಟಿ ಗುಡಿಸಲಲ್ಲಿ ಹುಲ್ಲಿನ ಮೇಲೆ ಮಲಗಿದ್ದರು. ತಂಗಿಯ ಹಾಗೆಯೇ ಒಂದು ಮೊಣಕಾಲು ಮಡಚಿತ್ತು. ಕಣ್ಣು ಅವಳ ಹಾಗೆಯೇ ಕೆಂಪು.

"ಅವಳು?" ಎಂದರು.

"ಜ್ವರ ಇಳೀತು. ಕೂಸು ಕೇಳ್ತಾಳೆ."

ಕಣ್ಣು ಮುಚ್ಚಿಕೊಂಡರು. ನಾನು ತಲೆಯ ಹತ್ತಿರ ಕೂತೆ. "ಯಾವಾಗಿಂದ ಐತ್ರಿ ಇದು?"

"ಅವಳಿಗೆ ಜ್ವರ ಬಂದ ಮಾರನೇ ದಿನ."

"ನನಗ್ಯಾಕೆ ಹೇಳ್ಲಿಲ್ಲ? ಅವಳದ್ದು ಹೇಳಿದ್ರಿ, ನಿಮ್ಮದ್ಯಾಕೆ ಹೇಳ್ಲಿಲ್ಲ?"

"ಇದ್ದ ಮಾತ್ರೆ ಒಬ್ರಿಗೇ. ಹೇಳಿದ್ರೆ ಅವ್ವ ನನ್ನ ಗಾಡಿ ಹತ್ತಿಸ್ತಿದ್ಲು. ಅವಳನ್ನಲ್ಲ."

ಅದು ನಿಜ. ಮಗನಿದ್ದಾಗ ಮಗಳನ್ನು ಮೊದಲು ಗಾಡಿ ಹತ್ತಿಸುವ ತಾಯಿ ನಮ್ಮ ಸೀಮೆಯಲ್ಲಿ ಆಗ ಇರಲಿಲ್ಲ. ಅತ್ತೆಯ ಮಾತು ಯಾಕೆ, ನಾನೇ ಹತ್ತಿಸುತ್ತಿದ್ದೆ. ಅವರಿಗೆ ಅದೂ ಗೊತ್ತಿತ್ತು. ಆದರೂ ಇಷ್ಟು ವರ್ಷವಾದ ಮೇಲೂ ನನಗೆ ಒಂದು ಅನುಮಾನ ಹೋಗಿಲ್ಲ. ತಂಗಿಗಾಗಿ ಸುಮ್ಮನಿದ್ದರೋ, ಇಲ್ಲ, ಆ ಮಾತನ್ನು ತಮ್ಮ ಮೈಗೆ ಹಚ್ಚಿ ಹೆಂಡತಿಯ ಮುಂದೆ ಹೇಳಲು ನಾಚಿದರೋ? ಒಂದೊಂದು ದಿನ ಮೊದಲನೆಯದನ್ನು ನಂಬುತ್ತೇನೆ, ಒಂದೊಂದು ದಿನ ಎರಡನೆಯದನ್ನು ನಂಬಿ ಅವರನ್ನು ಮನಸಾರೆ ಬೈಯುತ್ತೇನೆ.

ಅವತ್ತು ಬೈಯಲಿಲ್ಲ. ಮಾತ್ರೆ ಮುಗಿದಿದೆ ಎಂದೂ ಹೇಳಲಿಲ್ಲ. ಅವರ ಕಾಲ ಬುಡಕ್ಕೆ ಸರಿದು ಕೂತು ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ಸುಡುತ್ತಿತ್ತು. ಸೀಮೆಸುಣ್ಣ ಹಿಡಿಯುವ ಮನುಷ್ಯನ ಪಾದ, ಎಲ್ಲೂ ಒಂದು ಗೀರೂ ಇರಲಿಲ್ಲ. ಆದರೂ ಹಿಮ್ಮಡಿಯಿಂದ ಶುರು ಮಾಡಿದೆ. ಹೆಬ್ಬೆರಳಿನಿಂದ ಒತ್ತುತ್ತಾ "ಇಲ್ಲೇನ್ರಿ?" ಎಂದೆ. ಅವರು ತಲೆ ಅಲ್ಲಾಡಿಸಿದರು. ಸ್ವಲ್ಪ ಮುಂದೆ ಒತ್ತಿ "ಇಲ್ಲೇನ್ರಿ?" ಎಂದೆ.

ಅವರು ಕಣ್ಣು ತೆರೆದು ನನ್ನನ್ನು ನೋಡಿದರು.

"ಹ್ಞೂಂ" ಎಂದರು. "ಅಲ್ಲೇ ಐತೆ. ತೆಗಿ."